ಓದುಗರ ಕಟ್ಟೆ: ರಕ್ತದ ಕಲೆಯೇ ಬೀಳದ ಸರ್ಜನ್

ಪ್ರಶ್ನೆ: ನಾನು ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿನಿ. ತೊಡೆಯ ಅಂಗರಚನೆ ಓದುವಾಗ ಅಲ್ಲಿನ ಧಮನಿ ಹಾದುಹೋಗುವ ಓಣಿಗೆ ‘ಹಂಟರ್ಸ್ ಕೆನಾಲ್’ ಎಂಬ ಹೆಸರು ಕಂಡು, ಯಾರು ಈ ಹಂಟರ್ ಎಂಬ ಕುತೂಹಲದಿಂದ ಹದಿನೆಂಟನೆಯ ಶತಮಾನದ ಲಂಡನ್ ಸರ್ಜನ್ ಜಾನ್ ಹಂಟರನ ಜೀವನಚರಿತ್ರೆಯೊಂದನ್ನು ತರಿಸಿಕೊಂಡೆ. ಕಷ್ಟಪಟ್ಟು ಕೊನೆಯ ಪುಟದವರೆಗೂ ಓದಿದೆ. ‘ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆಯೇ ಹೊರತು ಆತ ಮಾಡಿದ್ದೇನು ಎಂಬುದು ತಿಳಿಯಲಿಲ್ಲ. ತಪ್ಪು ನನ್ನ ಓದಿನದೋ, ಪುಸ್ತಕದ್ದೋ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪುಸ್ತಕದ್ದೇ, ಅನುಮಾನ ಬೇಡ. ನೀವು ಹೆಸರಿಸಿರುವ ಪುಸ್ತಕ ನನ್ನ ಕಪಾಟಿನಲ್ಲೂ ಇದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರಕಾಶಕರ ಜತೆ ಕಾಲು ಕೆರೆದು ಜಗಳಕ್ಕೆ ಹೋಗುವ ವಯಸ್ಸು ನನ್ನದಲ್ಲ. ಪೆನ್ಸಿಲ್ ಹಿಡಿದೇ ಓದುವುದು ನನ್ನ ಹಳೆಯ ಚಾಳಿ. ಈ ಪುಸ್ತಕದ ಅಂಚುಗಳಲ್ಲಿ ಅರ್ಧದಷ್ಟು ಕಡೆ ‘ಹೇಗೆ?’ ಎಂದೂ ಉಳಿದ ಕಡೆ ‘ಯಾರು ಹೇಳಿದರು?’ ಎಂದೂ ಗೀಚಿದ್ದೇನೆ. ಸರ್ಜನ್ ಒಬ್ಬನ ಬದುಕನ್ನು ಬರೆಯಲು ಕುಳಿತವರು ಈ ಎರಡಕ್ಕೂ ಬಾಯಿ ಬಿಡದಿದ್ದರೆ ಕೈಗೆ ಸಿಗುವುದು ಶಾಲು ಹೊದಿಸಿ ಓದುವ ಸನ್ಮಾನಪತ್ರ.

ಮೊದಲು ‘ಹೇಗೆ’ ಎಂಬುದನ್ನೇ ತೆಗೆದುಕೊಳ್ಳೋಣ. ನಿಮ್ಮ ಪಠ್ಯಪುಸ್ತಕದ ಆ ಕೆನಾಲಿಗೆ ಹಂಟರನ ಹೆಸರು ಬರಲು ಕಾರಣವಾದ ಅನ್ಯೂರಿಸಮ್ (ಧಮನಿಯ ಉಬ್ಬು) ಶಸ್ತ್ರಚಿಕಿತ್ಸೆಗೆ ಈ ಲೇಖಕರು ಕೊಟ್ಟಿರುವುದು ಒಂದೇ ವಾಕ್ಯ: ‘1785ರಲ್ಲಿ ಅವರು ಅನ್ಯೂರಿಸಮ್‌ಗೆ ಹೊಸ ಚಿಕಿತ್ಸೆ ಕಂಡುಹಿಡಿದರು.’ ಅಷ್ಟೇ. ಮುಂದಿನ ಪ್ಯಾರಾದಲ್ಲಿ ರಾಜಮನೆತನದ ನೇಮಕಾತಿಯ ವರ್ಣನೆ ಶುರುವಾಗಿಬಿಡುತ್ತದೆ.

ನಡೆದದ್ದು ಇಷ್ಟು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ 45 ವರ್ಷದ ಒಬ್ಬ ಸಾರೋಟು ಓಡಿಸುವವನು ಹಂಟರನ ಮುಂದೆ ಮಲಗಿದ್ದ. ಮಂಡಿಯ ಹಿಂದಿನ ಗುಳಿಯಲ್ಲಿ ಗಂಟು, ಮೂರು ವರ್ಷದಿಂದ ಬೆಳೆಯುತ್ತ ಬಂದದ್ದು. ಕಾಲು ಊದಿ ಬಣ್ಣ ಕೆಟ್ಟಿತ್ತು. ನಾನು ಹೌಸ್ ಸರ್ಜನ್ ಆಗಿದ್ದಾಗ ನಮ್ಮ ಮೇಷ್ಟ್ರು ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು: ಮಂಡಿಯ ಹಿಂದೆ ಗಂಟು ಕಂಡರೆ ಕೀವು ಎಂದುಕೊಂಡು ಚಾಕು ಹಾಕಬೇಡ, ಮೊದಲು ಬೆರಳಿಟ್ಟು ನೋಡು. ಗಂಟಿನ ಎರಡೂ ಪಕ್ಕದಲ್ಲಿಟ್ಟ ಬೆರಳುಗಳು ನಾಡಿಯ ಪ್ರತಿ ಬಡಿತಕ್ಕೂ ಒಂದರಿಂದೊಂದು ದೂರ ಸರಿದರೆ ಅದು ಕೀವಲ್ಲ, ಗೋಡೆ ಸಡಿಲಗೊಂಡು ಉಬ್ಬಿದ ಧಮನಿ. ಅಲ್ಲಿ ಚಾಕು ಹಾಕಿದರೆ ನೆಲ ಒರೆಸಲೂ ಸಮಯ ಸಿಗುವುದಿಲ್ಲ. ದಿನವಿಡೀ ಮಂಡಿ ಮಡಿಸಿ ಕುಳಿತಿರುವ ಸಾರೋಟು ಚಾಲಕರಲ್ಲಿ ಈ ಕಾಯಿಲೆ ಆಗ ಮಾಮೂಲಾಗಿತ್ತು.

ಆ ಕಾಲದ ಸರ್ಜನ್ನರ ಮುಂದಿದ್ದ ದಾರಿ ಎರಡು. ಉಬ್ಬನ್ನು ಸೀಳಿ ಒಳಗಿನ ಹೆಪ್ಪನ್ನು ತೆಗೆದು ಮೇಲೂ ಕೆಳಗೂ ಧಮನಿಯನ್ನು ಕಟ್ಟುವುದು ಒಂದು. ಅದು ಆಗದಿದ್ದರೆ ಕಾಲನ್ನೇ ಕತ್ತರಿಸುವುದು. ಮೊದಲನೆಯದರಲ್ಲಿ ರೋಗಿಗಳು ಸಾಲಾಗಿ ಸಾಯುತ್ತಿದ್ದರು. ಹಂಟರನಿಗೆ ಪಾಠ ಹೇಳಿದ್ದ ಪರ್ಸಿವಲ್ ಪಾಟ್ ಅದಕ್ಕಿಂತ ಕಾಲು ಕತ್ತರಿಸುವುದೇ ವಾಸಿ ಎನ್ನುತ್ತಿದ್ದ. ಹಂಟರ್ ಯೋಚಿಸಿದ್ದು ಬೇರೆ ರೀತಿ. ಉಬ್ಬಿನ ಪಕ್ಕದಲ್ಲೇ ಕಟ್ಟುತ್ತೀರಿ, ಆದರೆ ಅಲ್ಲಿನ ಧಮನಿಗೂ ಅದೇ ರೋಗ ತಗಲಿರುತ್ತದೆ. ದಾರ ಕೊಯ್ದುಕೊಂಡು ಹೋಗುತ್ತದೆ, ರಕ್ತ ಚಿಮ್ಮುತ್ತದೆ. ಹಾಗಿದ್ದರೆ ಆರೋಗ್ಯವಾಗಿರುವ ಕಡೆ, ಅಂದರೆ ತೊಡೆಯ ನಡುವೆ, ಮೇಲೆಯೇ ಏಕೆ ಕಟ್ಟಬಾರದು? ಉಬ್ಬಿಗೆ ರಕ್ತದ ಒತ್ತಡ ಇಳಿದರೆ ಅದು ತಾನಾಗಿ ಹೆಪ್ಪುಗಟ್ಟಿ ಕುಗ್ಗಬಹುದು, ಪಕ್ಕದ ಸಣ್ಣ ನಾಳಗಳು ಹಿಗ್ಗಿ ಪಾದಕ್ಕೆ ರಕ್ತ ಒಯ್ಯಬಹುದು.

ತೊಡೆಯ ಒಳಬದಿಯಲ್ಲಿ ಕೊಯ್ದು, ಸ್ನಾಯು ಸರಿಸಿ, ಧಮನಿಯನ್ನು ಎತ್ತಿ ನಾಲ್ಕು ಕಡೆ ದಾರ ಕಟ್ಟಿದ. ಒಂದೇ ದಾರವನ್ನು ಬಿಗಿದರೆ ಕೊಯ್ದೀತೆಂಬ ಅಂಜಿಕೆಯಿಂದ ನಾಲ್ಕನ್ನೂ ಸಡಿಲವಾಗಿ ಕಟ್ಟಿ ಒತ್ತಡ ಹಂಚಿದ್ದ. ದಾರದ ತುದಿಗಳನ್ನು ಗಾಯದ ಹೊರಗೇ ಬಿಟ್ಟ. ಅರಿವಳಿಕೆ ಇಲ್ಲ, ಈಥರ್ ಬರಲು ಇನ್ನೂ 60 ವರ್ಷ ಬೇಕಿತ್ತು. ಕೈ ತೊಳೆಯಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ. ಗಾಯ ಕೀವಾಯಿತು, ದಾರಗಳು ಒಂದೊಂದಾಗಿ ಕಳಚಿ ಬಂದವು, ಕಾಲು ಮಾತ್ರ ಸಾಯಲಿಲ್ಲ. ಆ ಮನುಷ್ಯ ಆಸ್ಪತ್ರೆಯಿಂದ ಹೊರಬಿದ್ದು ಮತ್ತೆ ಗಾಡಿಯ ಮೇಲೆ ಕುಳಿತ. 1787ರ ಮಾರ್ಚಿನಲ್ಲಿ ಅವನು ಜ್ವರದಿಂದ ಸತ್ತಾಗ ಹಂಟರ್ ಪಾಡುಪಟ್ಟು, ಹಣ ಖರ್ಚುಮಾಡಿ ಆ ಕಾಲನ್ನು ಪಡೆದು ಸೀಳಿ ನೋಡಿದ: ತಾನು ಊಹಿಸಿದ್ದು ಒಳಗೆ ನಡೆದಿತ್ತೋ ಇಲ್ಲವೋ ಎಂದು. ಅನುಭವದಿಂದ ಕಲಿತು ನಂತರ ವಿಧಾನವನ್ನು ಸರಳಗೊಳಿಸಿದ. ಅವನ ನಾಲ್ಕನೆಯ ರೋಗಿ ಆಮೇಲೆ 50 ವರ್ಷ ಬದುಕಿದ.

ಮುಂದೆ ಪರೀಕ್ಷೆಯಲ್ಲಿ ಆ ಕೆನಾಲಿನ ಗಡಿಗಳನ್ನು ಬರೆಯುವಾಗ ಆ ಗಾಡಿಯವನನ್ನು ನೆನೆದುಕೊಳ್ಳಿ. ಅವನ ಹೆಸರು ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಹೋಗಲಿ, ಅವನ ಕಾಲಾದರೂ ಇರಬೇಕಿತ್ತು.

ಬೆಲ್ ಈಲ್ ಪ್ರಸಂಗಕ್ಕೂ ಇದೇ ಗತಿ. 1761ರಲ್ಲಿ ಫ್ರಾನ್ಸಿನ ಆ ದ್ವೀಪದ ಮೇಲೆ ಬ್ರಿಟಿಷರು ದಾಳಿ ಮಾಡಿದಾಗ ಹಂಟರ್ ಸೈನ್ಯದ ಸರ್ಜನ್. ಗುಂಡು ಹೊಕ್ಕ ಗಾಯವನ್ನು ಕೊಯ್ದು ಅಗಲಿಸಿ, ಬೆರಳು ಹಾಕಿ ಗುಂಡು ಹುಡುಕಿ ತೆಗೆಯಲೇಬೇಕು ಎಂಬುದು ಅಂದಿನ ಶಾಸ್ತ್ರ. ಗಾಯಗೊಂಡ ಕೆಲವು ಫ್ರೆಂಚ್ ಸೈನಿಕರು ಪಾಳು ತೋಟದ ಮನೆಯೊಂದರಲ್ಲಿ ಅಡಗಿಕೊಂಡಿದ್ದರು. ನಾಲ್ಕು ದಿನ ಯಾವ ಸರ್ಜನ್ನನ ಕೈಗೂ ಸಿಗಲಿಲ್ಲ. ಅವರು ಹಂಟರನ ಗುಡಾರದಲ್ಲಿ ಚಿಕಿತ್ಸೆ ಪಡೆದವರಿಗಿಂತ ಏನೂ ಕಡಿಮೆಯಿಲ್ಲದಂತೆ ಗುಣವಾದರು. ಇದನ್ನು ನೋಡಿದವರು ಇನ್ನೂ ಎಷ್ಟೋ ಜನ ಇದ್ದಿರಬಹುದು. ನೋಡಿ, ಹಾಗಾದರೆ ನಾವು ಕೊಯ್ಯುವುದು ಯಾಕೆ ಎಂದು ಕೇಳಿದ್ದು ಮಾತ್ರ ಹಂಟರ್. ಚಾಕು ಯಾವಾಗ ಎತ್ತಬಾರದು ಎಂಬುದನ್ನು ಕಲಿಯಲು ನನಗೆ ಅರ್ಧ ವೃತ್ತಿಜೀವನ ಹಿಡಿಯಿತು. ಅದಕ್ಕೇ ಈ ಪ್ರಸಂಗ ನನಗೆ ಇಷ್ಟ. ನಮ್ಮ ಲೇಖಕರು ಬೆಲ್ ಈಲ್ ಬಗ್ಗೆ ಹೇಳಿದ್ದು: ‘ಅಲ್ಲಿ ಅಮೂಲ್ಯ ಅನುಭವ ಗಳಿಸಿದರು.’

ಮನುಷ್ಯನಾಗಿಯೂ ಹಂಟರ್ ಅವರ ಕೈಗೆ ಸಿಕ್ಕಿಲ್ಲ. ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ 1728ರಲ್ಲಿ ಹತ್ತು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ, ಶಾಲೆಗೆ ಸರಿಯಾಗಿ ಹೋಗದ ಹುಡುಗ. ಇಪ್ಪತ್ತನೆಯ ವಯಸ್ಸಿನಲ್ಲಿ ಲಂಡನ್ನಿಗೆ ಬಂದು ಅಣ್ಣ ವಿಲಿಯಂನ ಅಂಗರಚನಾ ಶಾಲೆಯಲ್ಲಿ ಹೆಣ ಕೊಯ್ಯುವ ಕೆಲಸ ಹಿಡಿದ. ಆ ಹೆಣಗಳಲ್ಲಿ ಬಹುಪಾಲು ಗೋರಿಯಿಂದ ಕದ್ದವು. ಒರಟು ಮಾತು, ಬೇಗ ಏರುವ ಸಿಟ್ಟು. ಮುಂದೆ ನಿಂತು ಪಾಠ ಹೇಳುವುದೆಂದರೆ ಎಷ್ಟು ದಿಗಿಲೆಂದರೆ, ಉಪನ್ಯಾಸಮಾಲೆ ಶುರುಮಾಡುವ ದಿನ ಧೈರ್ಯಕ್ಕೆ ಮೂವತ್ತು ಹನಿ ಅಫೀಮಿನ ದ್ರಾವಣ ಕುಡಿಯುತ್ತಿದ್ದ. ಒಮ್ಮೆ ಒಬ್ಬನೇ ಕೇಳುಗ ಬಂದಾಗ, ‘ಮಹನೀಯರೇ’ ಎಂದು ಬಹುವಚನದಲ್ಲಿ ಶುರುಮಾಡಬೇಕಲ್ಲ ಎಂದು ಅಸ್ಥಿಪಂಜರವೊಂದನ್ನು ತರಿಸಿ ಪಕ್ಕದಲ್ಲಿ ಕೂರಿಸಿದ ಎಂಬ ಕಥೆಯಿದೆ. ಶಿಷ್ಯ ಎಡ್ವರ್ಡ್ ಜೆನ್ನರ್ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಗಳ ಬಗ್ಗೆ ಏನೋ ತರ್ಕ ಮಾಡಿ ಬರೆದಾಗ ಹಂಟರ್ 1775ರಲ್ಲಿ ಕೊಟ್ಟ ಉತ್ತರ ಪ್ರಸಿದ್ಧ: ಯೋಚಿಸುವುದೇಕೆ, ಪ್ರಯೋಗ ಮಾಡಿಯೇ ನೋಡಬಾರದೇಕೆ? ಸಿಡುಬಿನ ಲಸಿಕೆ ತಂದ ಅದೇ ಜೆನ್ನರ್. ಇಷ್ಟೆಲ್ಲ ಸರಕು ಇರುವ ಮನುಷ್ಯನನ್ನು ನೀರಸ ಮಾಡಬೇಕಾದರೆ ಅದಕ್ಕೂ ಒಂದು ಪ್ರತಿಭೆ ಬೇಕು.

ಇನ್ನು ‘ಯಾರು ಹೇಳಿದರು?’ ಗನೋರಿಯಾ ಎಂಬ ಲೈಂಗಿಕ ರೋಗ ತಗಲಿದವನ ಕೀವನ್ನು ಹಂಟರ್ ತನ್ನ ಮೈಗೇ ಚುಚ್ಚಿಕೊಂಡ ಎಂದು ಈ ಪುಸ್ತಕ ರೋಚಕವಾಗಿ ಹೇಳುತ್ತದೆ. 1767ರ ಆ ಪ್ರಯೋಗವನ್ನು ಹಂಟರ್ ವಿವರಿಸಿದ್ದು ನಿಜ, ಆದರೆ ಚುಚ್ಚಿದ್ದು ಯಾರ ಮೈಗೆ ಎಂದು ಬರೆಯಲಿಲ್ಲ. ತನಗೇ ಎನ್ನುವವರೂ ಇದ್ದಾರೆ, ಬೇರೆಯವರಿಗೆ ಎನ್ನುವವರೂ ಇದ್ದಾರೆ. ಲೇಖಕರು ಹೇಳದೆ ಬಿಟ್ಟದ್ದು ಇದಕ್ಕಿಂತ ಮುಖ್ಯ: ಕೀವು ಕೊಟ್ಟ ರೋಗಿಗೆ ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ರೋಗವೂ ಇದ್ದಿರಬೇಕು, ಹಾಗಾಗಿ ಎರಡೂ ಒಂದೇ ರೋಗ ಎಂದು ಹಂಟರ್ ತೀರ್ಮಾನಿಸಿಬಿಟ್ಟ. ಅವನ ಹೆಸರಿನ ತೂಕದಿಂದಲೇ ಆ ತಪ್ಪು 1838ರಲ್ಲಿ ಫ್ರಾನ್ಸಿನ ಫಿಲಿಪ್ ರಿಕಾರ್ ಸರಿಪಡಿಸುವವರೆಗೆ ಎಳೆದುಕೊಂಡು ಹೋಯಿತು. ಅನ್ಯೂರಿಸಮ್ ಚಿಕಿತ್ಸೆ ಹೊಳೆದದ್ದು ರಿಚ್ಮಂಡ್ ಪಾರ್ಕಿನ ಜಿಂಕೆಯೊಂದರ ಕೊಂಬಿನ ರಕ್ತನಾಳ ಕಟ್ಟಿ ನೋಡಿದಾಗ ಎಂಬ ಕಥೆಯನ್ನೂ ಅವರು ಎರಡು ಪುಟ ಬೆಳೆಸಿದ್ದಾರೆ. ಇತಿಹಾಸಕಾರರು ಅದನ್ನು ಅನುಮಾನದಿಂದಲೇ ನೋಡುತ್ತಾರೆ.

ಪಾಪ, ಹಂಟರನಿಗೆ ಜೀವನಚರಿತ್ರೆಯ ವಿಷಯದಲ್ಲಿ ಮೊದಲಿನಿಂದಲೂ ಗ್ರಹಚಾರ ಸರಿಯಿಲ್ಲ. 1793ರ ಅಕ್ಟೋಬರ್ 16ರಂದು ಆಸ್ಪತ್ರೆಯ ಆಡಳಿತ ಸಭೆಯಲ್ಲಿ ವಿದ್ಯಾರ್ಥಿಗಳ ಪ್ರವೇಶದ ವಿಷಯಕ್ಕೆ ಜಗಳವಾಗಿ, ಪಕ್ಕದ ಕೋಣೆಗೆ ಹೋದವನು ಅಲ್ಲೇ ಕುಸಿದು ಸತ್ತ. ಹೃದಯದ ಕಾಯಿಲೆ ಮೊದಲೇ ಇತ್ತು. ಮರುವರ್ಷವೇ ಜೆಸ್ಸಿ ಫುಟ್ ಎಂಬ ಸರ್ಜನ್ ಅವನ ಜೀವನಚರಿತ್ರೆ ಅಚ್ಚುಮಾಡಿದ. ಹಂಟರನಿಗೆ ಬರೆಯಲು ಬಾರದು, ಸ್ವಂತದ್ದು ಏನೂ ಇಲ್ಲ ಎಂದು ಮೊದಲಿನಿಂದ ಕೊನೆಯವರೆಗೆ ಹಲ್ಲು ಮಸೆದು ಬರೆದದ್ದು. ಅದೇ ವರ್ಷ, ಹಂಟರನ ಮರಣಾನಂತರ ಬಂದ ರಕ್ತ ಮತ್ತು ಗುಂಡಿನ ಗಾಯಗಳ ಗ್ರಂಥಕ್ಕೆ ಹೆಂಡತಿಯ ತಮ್ಮ ಎವರಾರ್ಡ್ ಹೋಮ್ ಒಂದು ಚಿಕ್ಕ ಜೀವನವೃತ್ತಾಂತ ಸೇರಿಸಿದ. ಅದು ಮನೆಯವರು ಬರೆದದ್ದು, ಹೊಗಳಿಕೆಗೆ ಕೊರತೆಯಿಲ್ಲ. ನಿಜ ಹೇಳಬೇಕೆಂದರೆ ನನಗೆ ಫುಟ್‌ನ ಪುಸ್ತಕವೇ ವಾಸಿ. ದ್ವೇಷಿಸುವವನು ಗಮನವಿಟ್ಟು ನೋಡುತ್ತಾನೆ.

ಹೋಮ್ ಮಾಡಿದ ದೊಡ್ಡ ಅನಾಹುತ ಬೇರೆ. ಹಂಟರ್ ಬಿಟ್ಟುಹೋದ ಹಸ್ತಪ್ರತಿಗಳ ರಾಶಿಯನ್ನು ಅವನು 1800ರ ಸುಮಾರಿಗೆ ತನ್ನ ಮನೆಗೆ ಸಾಗಿಸಿಕೊಂಡ. ನಂತರ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯಲ್ಲಿ ಒಂದರ ಹಿಂದೊಂದು ಪ್ರಬಂಧ ಓದಿದ, ಪದಕ ಪಡೆದ, ಬಿರುದು ಪಡೆದ. 1823ರಲ್ಲಿ ಆ ಹಸ್ತಪ್ರತಿಗಳನ್ನು ಸುಟ್ಟುಹಾಕಿದ. ಹಂಟರನೇ ಹಾಗೆ ಹೇಳಿದ್ದ ಎಂಬುದು ಅವನ ಸಮಜಾಯಿಷಿ. ಭಾವನ ಬರಹಗಳನ್ನು ತನ್ನದೆಂದು ಮಾರಿ, ಸಾಕ್ಷ್ಯ ನಾಶಮಾಡಿದ ಎಂದೇ ಜನ ನಂಬಿದರು, ನಾನೂ ನಂಬುತ್ತೇನೆ. ನಮಗೆ ಇಂದು ಏನಾದರೂ ಉಳಿದಿದ್ದರೆ ಅದು ವಿಲಿಯಂ ಕ್ಲಿಫ್ಟ್‌ನಿಂದ. ಹಂಟರ್ ಸಾಯುವ ಮುಂಚಿನ ವರ್ಷ ಕಾರ್ನ್‌ವಾಲ್‌ನಿಂದ ಬಂದು ಸೇರಿದ ಹದಿಹರೆಯದ ಸಹಾಯಕ. ಯಜಮಾನ ಸತ್ತ ಮೇಲೆ ವಾರಕ್ಕೆ ಏಳು ಶಿಲ್ಲಿಂಗ್ ಸಂಬಳದಲ್ಲಿ ಆ ಸಂಗ್ರಹವನ್ನು ಕಾಯುತ್ತ, ಹಸ್ತಪ್ರತಿಗಳನ್ನು ಹೋಮ್ ಒಯ್ಯುವ ಮೊದಲೇ ಬಹುಭಾಗ ನಕಲು ಮಾಡಿಟ್ಟಿದ್ದ. ನನ್ನನ್ನು ಕೇಳಿದರೆ ಹಂಟರನ ಜೀವನಚರಿತ್ರೆಯನ್ನು ಈ ಹುಡುಗನಿಂದಲೇ ಶುರುಮಾಡಬೇಕು. ನಮ್ಮ ಲೇಖಕರು ಅವನನ್ನು ಅಡಿಟಿಪ್ಪಣಿಗೆ ಇಳಿಸಿ, ಹೋಮ್‌ನನ್ನು ‘ನಿಷ್ಠಾವಂತ ಬಾಮೈದ’ ಎಂದು ಕರೆದಿದ್ದಾರೆ. ಅಲ್ಲಿ ನನ್ನ ಪೆನ್ಸಿಲ್ಲಿನ ಮೊನೆ ಮುರಿಯಿತು.

ಪ್ರಶ್ನೆ: ಬೇಡವೆಂದು ಅಂಗಲಾಚಿದವನ ಹೆಣವನ್ನು ಹಂಟರ್ ಕದಿಸಿದನಂತೆ, ಹೌದೇ? ಅಂಥವನನ್ನು ದೊಡ್ಡವನೆನ್ನುವುದು ಹೇಗೆ?
– ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ಹೌದು ಸರ್. ಚಾರ್ಲ್ಸ್ ಬರ್ನ್ ಎಂಬ ಐರಿಷ್ ಯುವಕ, ಏಳೂವರೆ ಅಡಿಗೂ ಮಿಕ್ಕಿದ ಎತ್ತರ. ಲಂಡನ್ನಿನಲ್ಲಿ ತನ್ನನ್ನೇ ಪ್ರದರ್ಶನಕ್ಕಿಟ್ಟುಕೊಂಡು ಬದುಕುತ್ತಿದ್ದ. ಅಂಗರಚನೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆಂದು ತಿಳಿದು, ಸತ್ತ ಮೇಲೆ ಸಮುದ್ರದಲ್ಲಿ ಮುಳುಗಿಸಿ ಎಂದು ಗೆಳೆಯರಿಂದ ಮಾತು ತೆಗೆದುಕೊಂಡಿದ್ದ. 1783ರ ಜೂನಿನಲ್ಲಿ, 22ನೆಯ ವಯಸ್ಸಿನಲ್ಲಿ ಸತ್ತ. ಹಂಟರ್ ದೊಡ್ಡ ಮೊತ್ತ ತೆತ್ತು ದಾರಿಯಲ್ಲೇ ಹೆಣ ಬದಲಿಸಿ, ಅರ್ಲ್ಸ್ ಕೋರ್ಟಿನ ತನ್ನ ಮನೆಯಲ್ಲಿ ಕುದಿಸಿ ಎಲುಬು ತೆಗೆದ. ಕೆಲವು ವರ್ಷ ಬಾಯಿ ಬಿಡಲಿಲ್ಲ. 1786ರಲ್ಲಿ ಜೋಶುವಾ ರೆನಾಲ್ಡ್ಸ್ ಬರೆದ ಹಂಟರನ ಭಾವಚಿತ್ರದ ಮೇಲ್ತುದಿಯಲ್ಲಿ ಆ ದೈತ್ಯ ಪಾದಗಳ ಎಲುಬು ನೇತಾಡುತ್ತಿವೆ, ನೋಡಿ. ನಾಚಿಕೆ ಇದ್ದವನು ಬರೆಸುವ ಚಿತ್ರವಲ್ಲ.

ಅದರಿಂದ ವೈದ್ಯಕೀಯಕ್ಕೆ ಲಾಭವಾಯಿತು ಎಂಬ ವಾದ ಬರುತ್ತದೆ. ಆಗಿದೆ. 1909ರಲ್ಲಿ ಅಮೆರಿಕದ ಮೆದುಳಿನ ಸರ್ಜನ್ ಹಾರ್ವಿ ಕುಶಿಂಗ್ ತಲೆಬುರುಡೆಯನ್ನು ತೆರೆದು, ಮೈಯ ಬೆಳವಣಿಗೆಯನ್ನು ನಡೆಸುವ ಪಿಟ್ಯುಟರಿ ಗ್ರಂಥಿಯ ಗುಳಿ ಹಿಗ್ಗಿರುವುದನ್ನು ಕಂಡ. 2011ರಲ್ಲಿ ಹಲ್ಲಿನ ಡಿಎನ್‌ಎಯಿಂದ ವಂಶವಾಹಿಯ ದೋಷ ಪತ್ತೆಯಾಗಿ, ಉತ್ತರ ಐರ್ಲೆಂಡಿನ ಇಂದಿನ ಕೆಲವು ಕುಟುಂಬಗಳಿಗೂ ಅವನಿಗೂ ನಂಟು ಸಿಕ್ಕಿತು. ಆದರೆ ಹಂಟರ್ ಎಲುಬು ಕದ್ದದ್ದು ಡಿಎನ್‌ಎಗಾಗಿ ಅಲ್ಲ. ಅವನಿಗೆ ಬೇಕಾಗಿತ್ತು, ಅಷ್ಟೇ. ಲಂಡನ್ನಿನ ಹಂಟರಿಯನ್ ವಸ್ತುಸಂಗ್ರಹಾಲಯ 2023ರಲ್ಲಿ ಮತ್ತೆ ತೆರೆದಾಗ ಬರ್ನ್‌ನ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆಯಿತು. ಸಂಶೋಧನೆಗೆಂದು ಒಳಗೆ ಇಟ್ಟುಕೊಂಡಿದೆ, ಸಮುದ್ರಕ್ಕೆ ಬಿಟ್ಟಿಲ್ಲ. ಗಾಡಿಯವನ ಕಾಲನ್ನು ಉಳಿಸಿದ ಕೈಯೂ ಈ ಹೆಣಕ್ಕೆ ಹಣ ಎಣಿಸಿದ ಕೈಯೂ ಒಂದೇ. ಒಂದನ್ನು ಮಾತ್ರ ಬರೆಯುವ ಲೇಖಕರನ್ನು ನಾನು ನಂಬುವುದಿಲ್ಲ. ಮೇಲಿನ ಪುಸ್ತಕದಲ್ಲಿ ಇದಿಷ್ಟೂ ‘ಅಪರೂಪದ ಮಾದರಿಯೊಂದನ್ನು ಸಂಪಾದಿಸಿದರು’ ಎಂದಾಗಿದೆ.

ಪ್ರಶ್ನೆ: ಬಿಳಿಯ ಸರ್ಜನ್ನರಿಗೆ ಕೆಟ್ಟದ್ದೋ ಒಳ್ಳೆಯದ್ದೋ ಜೀವನಚರಿತ್ರೆಗಳಿವೆ. ಅದೇ ಕಾಲದ ನಮ್ಮವರಿಗೆ?
– ಓದುಗ, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಊರಿನ ಯುದ್ಧದಿಂದಲೇ ಹೊರಟ ಒಂದು ಕಥೆಯಿದೆ. 1794ರ ಅಕ್ಟೋಬರಿನಲ್ಲಿ, ಅಂದರೆ ಹಂಟರನ ಗ್ರಂಥ ಬಂದ ವರ್ಷವೇ, ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಿ.ಎಲ್. ಎಂಬ ಸಹಿಯ ಪತ್ರವೊಂದು ಚಿತ್ರದ ಸಮೇತ ಅಚ್ಚಾಯಿತು. ಅದರ ಪ್ರಕಾರ ಕವಾಸ್‌ಜಿ ಎಂಬ ಮರಾಠ ರೈತ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ. ಟಿಪ್ಪುವಿನ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಹತ್ತಿರ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಒಂದು ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಬಳಿ, ಇಟ್ಟಿಗೆ ಸುಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕೂರಿಸಿದ.

ವಿಧಾನ ಓದಿದರೆ ಸರ್ಜನ್ ಆದ ಯಾರಿಗೂ ಮೈ ಜುಮ್ಮೆನ್ನುತ್ತದೆ. ಮೇಣದ ತೆಳು ತಗಡನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಅಷ್ಟು ಚರ್ಮವನ್ನು ಬಿಡಿಸುವುದು, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸುವುದು. ಬಿಡಿಸಿದ ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿ, ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ನೆನೆಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ ಒಂದರ ಮೇಲೊಂದು ಅಂಟಿಸುವುದು. ನಾಲ್ಕು ದಿನದ ನಂತರ ತುಪ್ಪ ಹಚ್ಚಿದ ಬಟ್ಟೆ. ಸುಮಾರು 25ನೆಯ ದಿನ, ಹೊಸ ಜಾಗದಲ್ಲಿ ಚರ್ಮ ಬೇರು ಬಿಟ್ಟ ಮೇಲೆ, ಆ ಪಟ್ಟಿಯನ್ನು ಕತ್ತರಿಸುವುದು. ಚರ್ಮಕ್ಕೆ ರಕ್ತ ಆ ಪಟ್ಟಿಯಿಂದ ಹರಿಯುತ್ತಿರುತ್ತದೆ ಎಂಬುದು ಗೊತ್ತಿದ್ದೇ ಮಾಡಿದ ಕೆಲಸ. ಇವತ್ತಿನ ಪ್ಲಾಸ್ಟಿಕ್ ಸರ್ಜನ್ನರೂ ಹಣೆಯ ಚರ್ಮದಿಂದ ಮೂಗು ಕಟ್ಟುವಾಗ ಇದೇ ತತ್ತ್ವದ ಮೇಲೆ ನಡೆಯುತ್ತಾರೆ. ಈ ಪತ್ರದ ನಂತರ ಲಂಡನ್ನಿನಲ್ಲಿ ಜೋಸೆಫ್ ಕಾರ್ಪ್ಯೂ ಇದನ್ನು ಮಾಡಿ ನೋಡಿದ್ದು 1814ರಲ್ಲಿ.

ರೋಗಿಯ ಹೆಸರು ದಾಖಲಾಯಿತು, ಚಿತ್ರವೂ ಬಂತು. ಚಾಕು ಹಿಡಿದವನ ಹೆಸರನ್ನು ಆ ಪತ್ರ ಬರೆದವರು ಕೇಳಿರಲಿಲ್ಲ. ಅವನಿಗೆ ಜೀವನಚರಿತ್ರೆ ಎಲ್ಲಿಂದ ಬರಬೇಕು? ಯಾರಾದರೂ ನಾಳೆ ‘ಪುಣೆಯ ಮಹಾನ್ ಶಸ್ತ್ರವೈದ್ಯ’ ಎಂದು ಹೆಸರು, ತಂದೆತಾಯಿ, ಬಾಲ್ಯ ಎಲ್ಲ ಸೇರಿಸಿ ಪುಸ್ತಕ ತಂದರೆ ದಯವಿಟ್ಟು ದುಡ್ಡು ಹಾಕಬೇಡಿ.

ಪ್ರಶ್ನೆ: ಹಂಟರನ ಹೆಂಡತಿ ಕವಯಿತ್ರಿಯೆಂದು ಕೇಳಿದ್ದೇನೆ. ಹೆಣಗಳ ಮನೆಯಲ್ಲಿ ಕವಿತೆ ಹೇಗೆ ಸಾಧ್ಯ?
– ಓದುಗರಾದ ಗೃಹಿಣಿ, ಉಡುಪಿ

ಉತ್ತರ: ಮನೆಗೆ ಎರಡು ಬಾಗಿಲಿದ್ದವು ಅಮ್ಮ. ಲೆಸ್ಟರ್ ಸ್ಕ್ವೇರ್ ಕಡೆಯ ಮುಂಬಾಗಿಲಿನಿಂದ ಆನ್ ಹಂಟರಳ ಸಂಗೀತಗೋಷ್ಠಿಗೆ ಅತಿಥಿಗಳು ಬರುತ್ತಿದ್ದರು, ಹಿಂದಿನ ಬೀದಿಯ ಬಾಗಿಲಿನಿಂದ ರಾತ್ರಿ ಹೆಣಗಳು. ನಡುವೆ ಉಪನ್ಯಾಸದ ಕೋಣೆ ಮತ್ತು ಸಾವಿರಾರು ಮಾದರಿಗಳ ಸಂಗ್ರಹ. ದುಡಿದದ್ದೆಲ್ಲ ಆ ಸಂಗ್ರಹಕ್ಕೇ ಸುರಿದ ಗಂಡ ಸತ್ತಾಗ ಆಕೆಗೆ ಉಳಿದದ್ದು ಸಾಲ. ಫ್ರಾನ್ಸಿನ ಜತೆ ಯುದ್ಧ ನಡೆಯುತ್ತಿದ್ದ ಕಾಲ. ಮದ್ದುಗುಂಡಿಗೇ ಹಣವಿಲ್ಲ, ಇದಕ್ಕೆಲ್ಲಿಂದ ಎಂದು ಪ್ರಧಾನಿ ಪಿಟ್ ರೇಗಿದರಂತೆ. ಕೊನೆಗೆ 1799ರಲ್ಲಿ ಸರ್ಕಾರ ಸಂಗ್ರಹವನ್ನು 15,000 ಪೌಂಡಿಗೆ ಕೊಂಡಿತು. ಅಲ್ಲಿಯವರೆಗೆ ಆಕೆ ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ಸಂಬಳದ ಮೇಲೆ ಕಾವಲಾಗಿ ದಿನ ದೂಡಿದ್ದಳು. ದಾವಣಗೆರೆಯವರ ಪುಸ್ತಕದಲ್ಲಿ ಆಕೆ ‘ಆದರ್ಶ ಸಹಧರ್ಮಿಣಿ’ಯಾಗಿ ಒಮ್ಮೆ ಬಂದು ಹೋಗುತ್ತಾಳೆ. ಸಂಗೀತಗಾರ ಹೈಡನ್ 1794ರಲ್ಲಿ ಪ್ರಕಟಿಸಿದ ಆರು ಇಂಗ್ಲಿಷ್ ಹಾಡುಗಳ ಸಾಹಿತ್ಯ ಆಕೆಯದು. ಯೂಟ್ಯೂಬಿನಲ್ಲಿ ಸಿಗುತ್ತವೆ, ಕೇಳಿ.